ನಡುದಾರಿಯಲ್ಲಿ ನಿಲ್ಲದ ಪಿಕಪ್

ಬೆಳಿಗ್ಗೆ ಅಂಗಡಿ ಮುಂದೆ ಕಸ ಹೊಡೆದು ನೀರು ಹಾಕಿದೆ. ಹಾಲು ಕಾಸಿದೆ. ನಳ ಬಿಡುವ ದಿನವಾದ್ದರಿಂದ ಎರಡು ಡ್ರಮ್ಮು ತುಂಬಿಸಿ ಮುಚ್ಚಿಟ್ಟೆ. ಪುಂಡಿಸೊಪ್ಪು ಬಿಡಿಸಿ ತೊಳೆದೆ, ಜೋಳದ ನುಚ್ಚು ನೆನೆಯಿಟ್ಟೆ. ನಮ್ಮ ಮನೆಯವರ ಬಿಳಿ ಅಂಗಿಗೆ ಇಸ್ತ್ರಿ ಮಾಡಿದೆ. ಹಿಂದಿನ ಓಣಿಗೆ ಹೋಗಿ ಹೆಂಗಸರ ನಡುವೆ ಸ್ವಲ್ಪ ಹೊತ್ತು ಕೂತು ಬಂದೆ. ತಲೆಗೆ ನೀರು ಹಾಕಿಕೊಂಡೆ. ಆಮೇಲೆ ಅಂಗಡಿಯ ಶಟರನ್ನು ಅರ್ಧಕ್ಕೆ ಎತ್ತಿ ಗಲ್ಲೆಯ ಮುಂದೆ ಕೂತೆ.

ಚಾಚಾ ತೀರಿಕೊಂಡಿದ್ದರು. ನಮ್ಮ ಮನೆಯವರು ಅವರ ಮಣ್ಣಿಗೆ ಹೋಗಿದ್ದರು. ಗಿರಾಕಿ ಯಾರೂ ಬರಲಿಲ್ಲ. ಬಂದಿದ್ದರೂ ನನಗೆ ಯಾವ ಬಲ್ಬು ಯಾವ ಡಬ್ಬಿಯಲ್ಲಿದೆಯೆಂದು ಆ ಹೊತ್ತಿನಲ್ಲಿ ನೆನಪಾಗುತ್ತಿರಲಿಲ್ಲ.

ಸಿಂಧನೂರಿನಲ್ಲಿ ನಮ್ಮದು ಗಾಡಿಗಳ ಕರೆಂಟಿನ ಸಾಮಾನಿನ ಸಣ್ಣ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಚಾಚಾ ನಮ್ಮ ಹಿಂದಿನ ಓಣಿಯವರು. ನಮಗೆ ರಕ್ತಸಂಬಂಧವಿಲ್ಲ, ಜಾತಿಯೂ ಬೇರೆ. ಆದರೂ ಊರಿಗೆಲ್ಲ ಅವರು ಚಾಚಾ, ಅವರ ಹೆಂಡತಿ ಚಾಚಿ. ಮಕ್ಕಳಿರಲಿಲ್ಲ. ಅವರ ಬಳಿ ಒಂದು ಹಳೆಯ ಪೆಟ್ರೋಲ್ ಪಿಕಪ್ ಇತ್ತು. ಮಿಲಿಟರಿಯವರು ಹರಾಜಿಗೆ ಹಾಕಿದ ಜೀಪು ಅದು. ಹಿಂದಿನ ಭಾಗ ಕತ್ತರಿಸಿ ತಗಡಿನ ತೊಟ್ಟಿ ಕೂರಿಸಿದ್ದರು. ಆ ತೊಟ್ಟಿಯಲ್ಲಿ ಅವರು ಹೆಣ ಸಾಗಿಸುತ್ತಿದ್ದರು. ಆಸ್ಪತ್ರೆಯಿಂದ ಹಳ್ಳಿಗೆ, ಮನೆಯಿಂದ ದೂರದ ಹೊಲಕ್ಕೆ, ಯಾವ ಜಾತಿಯವರು ಕರೆದರೂ ಹೋಗುತ್ತಿದ್ದರು.

ಆ ಗಾಡಿಯ ಸಲುವಾಗಿ ಅವರಿಗೆ ಮರ್ಯಾದೆಯೂ ಇತ್ತು, ದೂರವೂ ಇತ್ತು. ಓಣಿಯ ಹೆಂಗಸರು ಮಕ್ಕಳಿಗೆ ಉಣಿಸುವಾಗ, "ಉಣ್ಣಲಿಲ್ಲಂದ್ರ ಚಾಚಾನ ಗಾಡಿ ಕರಿತೀನಿ ನೋಡು" ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದರೂ ಚಾಚಾ ನಕ್ಕು ಹೋಗುತ್ತಿದ್ದರು. ಯಾರದಾದರೂ ಮನೆಯಲ್ಲಿ ಮದುವೆಯಿದ್ದರೆ ಯಾರೂ ಹೇಳದೆಯೇ ಗಾಡಿಯನ್ನು ಕಾಲುವೆಯ ಕಡೆ ಒಯ್ದು ನಿಲ್ಲಿಸಿ ನಡೆದುಕೊಂಡು ಬರುತ್ತಿದ್ದರು. ಹೊಸ ಮದುಮಗಳು ಬಾಗಿಲು ತೆಗೆದ ಕೂಡಲೇ ಅದು ಕಣ್ಣಿಗೆ ಬೀಳಬಾರದೆಂದು. ತೊಟ್ಟಿಯಲ್ಲಿ ಉಳಿದ ಚೆಂಡುಹೂವಿನ ಎಸಳುಗಳನ್ನು ಈಚಲ ಪೊರಕೆಯಿಂದ ಗುಡಿಸಿ ಚೀಲಕ್ಕೆ ತುಂಬಿ ಹರಿಯುವ ನೀರಿಗೇ ಬಿಡುತ್ತಿದ್ದರು. ಸತ್ತವರ ಮನೆಯಲ್ಲಿ ಚಹಾ ಕುಡಿಯುತ್ತಿರಲಿಲ್ಲ. ಸತ್ತವರ ಹೆಸರನ್ನು ಮಾತ್ರ ಕೇಳಿಕೊಳ್ಳುತ್ತಿದ್ದರು.

ಹೆಸರು ಯಾಕೆಂದರೆ ದಾರಿಯುದ್ದಕ್ಕೂ ಅವರೊಂದಿಗೆ ಮಾತಾಡುವುದಿತ್ತು. ನನ್ನ ಮಾವ ಸತ್ತಾಗ ಅವರನ್ನು ಹೊಲಕ್ಕೆ ಒಯ್ದದ್ದು ಚಾಚಾ. ನಾನು ಹಿಂದೆ ತೊಟ್ಟಿಯಲ್ಲಿ ಕೂತಿದ್ದೆ. ಮುಂದಿನಿಂದ ಅವರ ದನಿ ಕೇಳಿಸುತ್ತಿತ್ತು. "ಗೌಡ್ರ, ತಗ್ಗು ಬಂತ್ರಿ. ಒಂದೀಟು ಅಲಗಾಡತೈತಿ, ಸಿಟ್ಟಾಗಬ್ಯಾಡ್ರಿ." ಸ್ವಲ್ಪ ದೂರ ಹೋದ ಮೇಲೆ, "ನಿಮ್ಮ ಹೊಲದ ಬನ್ನಿಗಿಡ ಕಾಣಾಕತ್ತೈತಿ ನೋಡ್ರಿ." ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಮ್ಮ ಮನೆಯವರು ಆ ಮಾತಿಗೆ ಅತ್ತರು.

ಅವರದೊಂದು ನೇಮವಿತ್ತು. ಡ್ರೈವಿಂಗ್ ಕಲಿಸಿದ ಉಸ್ತಾದರಿಂದ ಬಂದದ್ದಂತೆ. ಹೆಣ ಏರಿಸಿ ಚಾವಿ ತಿರುವಿದರೆ, ಹೆಣ ಕೆಳಗಿಳಿಯುವ ತನಕ ಆ ಚಾವಿ ಹಿಂದಕ್ಕೆ ಬರಬಾರದು.

"ಯಾಕ್ರಿ ಚಾಚಾ?" ಎಂದು ನಾನೊಮ್ಮೆ ಕೇಳಿದ್ದೆ.

"ನಡುವ ಚಾವಿ ತೆಗದ್ವಿ ಅಂದ್ರ ಅವ್ರಿಗೆ ಊರು ಬಂತು ಅನಸತೈತಿ ತಂಗಿ. ಪಾಪ, ಅಲ್ಲೇ ಇಳದುಬಿಡ್ತಾರ."

ನಮ್ಮ ಕಡೆ ಹಳ್ಳಿಯವರಿಗೂ ಹೆಣದ ಗಾಡಿ ತಮ್ಮ ಸೀಮೆಯಲ್ಲಿ ನಿಂತರೆ ಸೇರುವುದಿಲ್ಲ. ಒಮ್ಮೆ ಹೆಣ ಏರಿಸಿಕೊಂಡು ದಢೇಸುಗೂರಿನ ಕಡೆ ಹೋಗುವಾಗ ಜಿಟಿಜಿಟಿ ಮಳೆಯಲ್ಲಿ, ಭತ್ತದ ಗದ್ದೆಗಳ ನಡುವೆ ಇವರ ಪಿಕಪ್ ಕೆಮ್ಮಿ ಕೆಮ್ಮಿ ನಿಂತಿತ್ತು. ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ಪಾಯಿಂಟ್ ಅಂತ ಒಂದು ಇರುತ್ತದೆ. ಎರಡು ಸಣ್ಣ ತುಟಿ ಇದ್ದ ಹಾಗೆ. ಅದು ತೆರೆದು ಮುಚ್ಚಿದಾಗಲೆಲ್ಲ ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಸುಟ್ಟು ಕರಿ ಹಿಡಿದರೆ, ತಂಪು ಹತ್ತಿದರೆ ಕಿಡಿ ಇಲ್ಲ. ಚಾಚಾ ಚಾವಿಯನ್ನು ಹಿಂದಕ್ಕೆ ತಿರುವದೆ, ಕರೆಂಟು ಹೊಡೆಸಿಕೊಳ್ಳುತ್ತಲೇ ಪಾಯಿಂಟನ್ನು ಕಡ್ಡಿಪೆಟ್ಟಿಗೆಯ ಮಗ್ಗುಲಿಗೆ ತಿಕ್ಕಿ, ಬೀಡಿಕಟ್ಟಿನ ಕಾಗದ ಮಡಿಸಿ ನಡುವಿನ ಸಂದು ಅಳೆದು ಮತ್ತೆ ಗಾಡಿ ಎಬ್ಬಿಸಿದರು. ಅಷ್ಟರಲ್ಲಿ ಗದ್ದೆಯ ಹೆಣ್ಣುಮಗಳೊಬ್ಬಳು ಬಂದು, "ನಮ್ಮ ಗದ್ದಿ ಮುಂದ ಯಾಕ ನಿಲ್ಲಸೀರಿ? ಬ್ಯಾರೆ ಜಾಗ ಸಿಗಲಿಲ್ಲೇನು?" ಎಂದು ಕೇಳಿದ್ದಳು. ಆ ಬೆಳೆ ಮನೆಗೆ ಬರುವುದರೊಳಗೆ ಆಕೆಯ ಮಗ ಟ್ರ್ಯಾಕ್ಟರಿನ ಕೆಳಗೆ ಸಿಕ್ಕಿ ಸತ್ತ. ಜನ ಚಾಚಾನ ಪಿಕಪ್ಪಿನ ಹೆಸರು ಹೇಳಿದರು. ಆ ಹುಡುಗನ ಹೆಣ ಒಯ್ಯಲು ಇವರನ್ನು ಕರೆಯಲಿಲ್ಲ. ಚಾಚಾ ಬಸ್ಸಿನಲ್ಲಿ ಹೋಗಿ, ದೂರ ನಿಂತು, ಮಣ್ಣು ಮುಗಿದ ಮೇಲೆ ಬಂದರು.

ಅದಾದ ಮೇಲೆಯೇ ಅವರು ನಮ್ಮ ಅಂಗಡಿಗೆ ಬಂದು ಕೂಡಲು ಶುರು ಮಾಡಿದ್ದು.

"ಏನ ಬೇಕ್ರಿ ಚಾಚಾ?" ಎಂದರು ನಮ್ಮ ಮನೆಯವರು.

"ನಡುದಾರ್ಯಾಗ ನಿಲ್ಲಬಾರದು. ಅಷ್ಟ ಬೇಕು."

ಅದನ್ನು ಆರಿಸುವುದರಲ್ಲಿ ಬೇಸಿಗೆ ಹೋಗಿ ಮಳೆಗಾಲ ಬಂತು. ಮೊದಲು ನಮ್ಮ ಮನೆಯವರು ಹೊಸ ಪಾಯಿಂಟು, ಹೊಸ ಕಂಡೆನ್ಸರ್ ತೋರಿಸಿದರು. ಚಾಚಾ ಅವನ್ನು ಉಗುರಿನಿಂದ ಕೆರೆದು, "ಮೊದಲಿನ ದಪ್ಪ ಇಲ್ಲಲೇ ಇದರಾಗ. ನಮ್ಮ ಹಲ್ಲಿನಂಗ ಆಗ್ಯಾವ" ಎಂದರು. ಆಮೇಲೆ ಇಬ್ಬರೂ ಲಿಂಗಸುಗೂರಿನ ಗುಜರಿಗೆ ಹೋಗಿ ಹಳೆಯ ಕಾರಿನದೊಂದು ಡಿಸ್ಟ್ರಿಬ್ಯೂಟರ್, ಪಾಯಿಂಟು ಕೂರುವ ಇಡೀ ಭಾಗವನ್ನೇ, ನೋಡಿ ಬಂದರು. ಅದರ ಕಡ್ಡಿಯನ್ನು ಚಾಚಾ ಎರಡು ಬೆರಳಲ್ಲಿ ಹಿಡಿದು ಅಲುಗಿಸಿ, "ಇದು ನನಗಿಂತ ಮುದುಕ" ಎಂದು ಅಲ್ಲೇ ಇಟ್ಟರಂತೆ. ಕೊನೆಗೆ ಉಳಿದದ್ದು ಎಲೆಕ್ಟ್ರಾನಿಕ್ ಸೆಟ್ಟು. ಪಾಯಿಂಟಿನ ಜಾಗದಲ್ಲಿ ಕೂರುವ ಒಂದು ಕರಿ ಡಬ್ಬಿ, ಕಡ್ಡಿಪೆಟ್ಟಿಗೆಯಷ್ಟು. ತಿಕ್ಕುವುದಿಲ್ಲ, ಸವೆಯುವುದಿಲ್ಲ, ಮಳೆ ಬಿಸಿಲು ಅನ್ನುವುದಿಲ್ಲ.

ನಮ್ಮ ಮನೆಯವರು ಗಲ್ಲೆಯ ಮೇಲೆ ಹರವಿಟ್ಟು ಹೇಳಿದರು. "ಇದೊಂದ ಹಾಕಿದ್ರ ಆಗಂಗಿಲ್ಲ ಚಾಚಾ. ಇದಕ್ಕ ಹೊಂದೋ ಕಾಯಿಲ್ ಹಾಕಬೇಕು, ಹಳೇದು ಬಿಸಿ ಆಗಿ ಇದನ್ನೂ ಕೆಡಸತೈತಿ. ತಾಮ್ರದ ವೈರು ತಗದು ಈ ವೈರು ಹಾಕಬೇಕು. ಪ್ಲಗ್ಗಿನ ಸಂದು ಒಂಚೂರು ಅಗಲ ಮಾಡಬೇಕು."

"ಒಂದು ಹೆಣ್ಣು ನೋಡಾಕ ಬಂದ್ರ ಆಕಿ ತವರುಮನಿನೆಲ್ಲ ಗಂಟು ಹಾಕಾಕತ್ತೀಯಲ್ಲೋ."

"ತವರುಮನಿ ಬಿಟ್ಟು ಬರ್ತಾಳೇನ್ರಿ ಆಕಿ?"

ಚಾಚಾ ಕರಿ ಡಬ್ಬಿಯನ್ನು ಕೈಯಲ್ಲಿ ತೂಗಿದರು. ಕಿವಿಯ ಹತ್ತಿರ ಹಿಡಿದರು. "ಇದು ಕೆಟ್ರ?"

"ಕೆಡಂಗಿಲ್ಲ."

"ಕೆಟ್ರ ಅಂತ ಕೇಳಿದೆ."

"ಕೆಟ್ರ ಒಗದು ಬ್ಯಾರೇದು ಹಾಕಬೇಕು."

"ಅದ ನೋಡು. ಪಾಯಿಂಟ್ ಹಂಗಲ್ಲ. ಕೆಮ್ಮತೈತಿ, ಕುಂಟತೈತಿ, ನಾ ಹೊಂಟೀನಪಾ ಅಂತ ಹೇಳಿ ಸಾಯ್ತೈತಿ. ಇದು ಮಾತಾಡದ ಸಾಯೋ ಜಾತಿ."

ಹೀಗೆ ಹೇಳಿ ಎದ್ದು ಹೋಗುವುದು, ಎರಡು ದಿನ ಬಿಟ್ಟು ಬಂದು, "ಅದನ್ನ ಮತ್ತೊಮ್ಮಿ ತಗಿ ನೋಡೂಣು" ಎನ್ನುವುದು. ಗಿರಾಕಿಗಳು ನಗುತ್ತಿದ್ದರು. ನನಗೂ ಇಷ್ಟು ಯಾಕೆ ಎಳೆಯುತ್ತಾರೆ ಎನಿಸಿತ್ತು. ಈಗ ಊರಲ್ಲಿ ಫೋನು ಮಾಡಿದರೆ ಬರುವ ಗಾಡಿಗಳಿವೆ. ಚಾಚಾರನ್ನು ಕರೆಯುವವರೇ ಕಡಿಮೆಯಾಗಿದ್ದರು.

ಯಾಕೆಂದು ಹೇಳಿದ್ದು ಚಾಚಿ. ಆಕೆಗೆ ಕಿಡ್ನಿ ಕೈಕೊಟ್ಟಿತ್ತು. ರಕ್ತ ತೊಳೆಸಲು ಲಿಂಗಸುಗೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಬಸ್ಸು ತಡವಾದರೆ ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಕಾಲು ಊದಿ ಚಪ್ಪಲಿಯ ಪಟ್ಟಿ ಒಳಗೆ ಮುಳುಗಿರುತ್ತಿತ್ತು.

"ಮನ್ಯಾಗ ಗಾಡಿ ಇಟಗೊಂಡು ಬಸ್ಸಿಗೆ ಯಾಕ ಒದ್ದಾಡ್ತೀರಿ ಚಾಚಿ? ಮುಂದಿನ ಸೀಟಿನ್ಯಾಗ ಕುಂತು ಹೋಗಬಾರದೇನು?" ಎಂದೆ.

"ಆ ಗಾಡ್ಯಾಗ ಒಂದ ಸಲ ಹತ್ತೋದೈತಿ ತಂಗಿ. ಈಗ್ಯಾಕ ಅವಸರ?" ಎಂದು ನಕ್ಕಳು. ನಗು ಮುಗಿದ ಮೇಲೆ ಹೇಳಿದಳು. "ಮುದಗಲ್ಲಿನ್ಯಾಗ ನಮ್ಮ ಅಬ್ಬಾನ ಗೋರಿ ಮಗ್ಗಲಿಗೆ ಒಂದು ಜಾಗ ಐತಿ. ನನ್ನ ಅಲ್ಲಿ ಒಯ್ದು ಇಡು, ಬ್ಯಾರೆಯವರ ಗಾಡ್ಯಾಗ ಹಾಕಬ್ಯಾಡ, ನೀನ ಒಯ್ಯಿ ಅಂತ ಮಾತು ತಗೊಂಡೀನಿ. ಅವತ್ತಿಂದ ನಿಮ್ಮ ಚಾಚಾ ರಾತ್ರಿ ನಿದ್ದಿ ಮಾಡವಲ್ಲ. ಗಾಡಿ ಮಸ್ಕಿ ತನಕ ಹೊಕ್ಕೈತಿ, ಮುಂದ ಹ್ಯಾಂಗಂತ ಗೊತ್ತಿಲ್ಲ ಅಂತಾನ. ಸಾಯಾಕೂ ಗಾಡಿ ರಿಪೇರಿ ಆಗಬೇಕಾತು ನೋಡವಾ ನನಗ."

ಅವಳು ಬಸ್ಸು ಹತ್ತಿದ ಮೇಲೆ ನಾನು ಒಳಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಮುಂದಿನ ಸಲ ಚಾಚಾ ಬಂದು ಡಬ್ಬಿ ಕೇಳಿದಾಗ ಅವರು ನಗದೆ ತೆಗೆದುಕೊಟ್ಟರು.

ಕೊನೆಗೆ ಚಾಚಾ ಅದನ್ನೇ ಆರಿಸಿದರು. ಕಾಯಿಲ್, ವೈರು, ಪ್ಲಗ್ಗು ಎಲ್ಲಾ ಹೊಂದಿಸಿಕೊಂಡು. ಹಾಕುವ ಮೊದಲು ನಮ್ಮ ಮನೆಯವರು ಡಬ್ಬಿಯ ಮೇಲಿನದನ್ನು ಓದಿ ಹೇಳಿದರು. "ಚಾಚಾ, ಒಂದ ಮಾತು ನೆನಪಿಡ್ರಿ. ಇಂಜಿನ್ ಬಂದ್ ಇದ್ದಾಗ ಚಾವಿ ಹಚ್ಚಿಟ್ಟು ಬಿಡಬ್ಯಾಡ್ರಿ. ಕರೆಂಟ್ ಒಳಗ ಕುಂತು ಸುಟ್ಟುಬಿಡತೈತಿ. ಪಾಯಿಂಟಿನಂಗ ತಡಕೊಳ್ಳಂಗಿಲ್ಲ ಇದು."

"ನಿಲ್ಲಂಗಿಲ್ಲ ಅಂತ ನೀನ ಹೇಳಿದಿ. ನಿಲ್ಲದ ಗಾಡಿಗೆ ಚಾವಿ ಮಾತು ಯಾಕ?"

"ಹೇಳೋದು ನನ್ನ ಧರ್ಮರಿ."

"ಕೇಳೋದು ನನ್ನ ಧರ್ಮ. ಕೇಳಿದೆ."

ಸೆಟ್ಟು ಹಾಕಿದ ದಿನ ಪಿಕಪ್ಪಿನ ಸದ್ದೇ ಬದಲಾಯಿತು. ಹೊಲಿಗೆ ಮಷಿನ್ನಿನ ಹಾಗೆ ಒಂದೇ ಸಮ. ಮಳೆಗಾಲ ಹೋಯಿತು, ಚಳಿ ಬಂತು, ಒಂದು ಸಲವೂ ನಿಲ್ಲಲಿಲ್ಲ. ಚಾಚಾ ಅಂಗಡಿ ಮುಂದೆ ಹಾದುಹೋಗುವಾಗ ಕಿವಿಯ ಹತ್ತಿರ ಕೈ ಇಟ್ಟು, ಕೇಳಿದೆಯಾ ಎಂಬಂತೆ ತೋರಿಸಿ ಹೋಗುತ್ತಿದ್ದರು. ಆ ಕೆಲವು ತಿಂಗಳು ಅವರು ಚೆನ್ನಾಗಿ ನಿದ್ದೆ ಮಾಡಿರಬೇಕು.

ಚಾಚಿ ತೀರಿಕೊಂಡದ್ದು ಒಂದು ಬೆಳಿಗ್ಗೆ, ಮನೆಯಲ್ಲೇ. ಮಧ್ಯಾಹ್ನಕ್ಕೆ ಹೆಂಗಸರು ಮೈ ತೊಳೆದು ಬಿಳಿ ಬಟ್ಟೆ ಸುತ್ತಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಚಾಚಾ ಒಳಗೆ ಬರಲಿಲ್ಲ. ಗಾಡಿಯ ತೊಟ್ಟಿ ತೊಳೆಯುತ್ತಿದ್ದರು. ಒಮ್ಮೆ ತೊಳೆದದ್ದನ್ನೇ ಮತ್ತೆ ತೊಳೆದರು. ಯಾರೋ, "ಬ್ಯಾರೆ ಡ್ರೈವರ್ ಕರೀಲೇನು?" ಎಂದರು. "ನನಗ ಕೈ ಇಲ್ಲೇನು?" ಎಂದರು ಚಾಚಾ. ತೊಟ್ಟಿಯಲ್ಲಿ ಅವರ ಮಂದಿ ಕೂತರು, ಮುಂದೆ ನಮ್ಮ ಮನೆಯವರು. ನಾನು ಕಂಡದ್ದು ಅಷ್ಟೇ. ಮುಂದಿನದು ನಮ್ಮ ಮನೆಯವರು ಹೇಳಿದ್ದು. ಅವರೂ ಒಂದೇ ಸಲಕ್ಕೆ ಹೇಳಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೇಳಿದರು.

ಗಾಡಿ ಚೆನ್ನಾಗಿ ಹೋಯಿತಂತೆ. ದಾರಿಯುದ್ದಕ್ಕೂ ಸತ್ತವರ ಜೊತೆ ಮಾತಾಡುವ ಮನುಷ್ಯ ಆವತ್ತು ಬಾಯಿ ಬಿಡಲಿಲ್ಲ. ಮಸ್ಕಿಯ ಗುಡ್ಡ ಕಂಡಾಗ ಮಾತ್ರ, "ಮಸ್ಕಿ ಬಂತು ನೋಡು" ಎಂದರಂತೆ. ಮಸ್ಕಿ ದಾಟಿತು. ಚಾಚಾರ ಭುಜ ಸ್ವಲ್ಪ ಸಡಿಲಾಯಿತು.

ಸಂತೆಕಲ್ಲೂರಿನಲ್ಲಿ ಚಾಚಿಯ ಅಕ್ಕನ ಮನೆ. ಆಕೆ ಮುದುಕಿ, ನಡೆಯಲು ಬರುವುದಿಲ್ಲ, ಸಿಂಧನೂರಿಗೆ ಬರಲಾಗಿರಲಿಲ್ಲ. ಯಾರೋ ಫೋನು ಮಾಡಿದ್ದರು. ಆಕೆ ರಸ್ತೆಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು, ಕೈ ಎತ್ತಿ. ಚಾಚಾ ಬೇರೆಯವರ ಮನೆಯವರಿಗೆ ಯಾವಾಗಲೂ, "ಮುಖ ನೋಡೋದಿದ್ರ ಮನ್ಯಾಗ ನೋಡ್ರಿ, ದಾರ್ಯಾಗ ನಾ ನಿಲ್ಲಸಂಗಿಲ್ಲ" ಎನ್ನುತ್ತಿದ್ದವರು. ಆ ಮುದುಕಿಯ ಸುತ್ತ ಹಾದು ಹೋಗಲು ಜಾಗವಿತ್ತಂತೆ. ಹೋಗಲಿಲ್ಲ. ನಿಧಾನ ಮಾಡಿದರು. ಇಂಜಿನ್ ನಡೆಸಿಕೊಂಡೇ ನಿಲ್ಲಿಸುವ ಲೆಕ್ಕ ಅವರದು. ಆದರೆ ಗೇರಿನಲ್ಲಿದ್ದಾಗಲೇ ಅವರ ಕಾಲು ಕ್ಲಚ್ಚಿನಿಂದ ಜಾರಿತು. ಗಾಡಿ ಒಮ್ಮೆ ಎಗರಿ ಬಂದ್ ಆಯಿತು.

ಹೆಂಗಸರು ತೊಟ್ಟಿಯ ಸುತ್ತ ಮುತ್ತಿದರು. ಮುದುಕಿಯನ್ನು ಎತ್ತಿ ಹತ್ತಿಸಿದರು. ಮುಖದ ಬಟ್ಟೆ ಸರಿಸಿದರು, ಅಳು ಶುರುವಾಯಿತು. ಗಾಡಿ ಎಬ್ಬಿಸುವಷ್ಟು ಜೋರು ಹಳೆಯ ಬ್ಯಾಟರಿಯಲ್ಲಿ ಉಳಿದಿರಲಿಲ್ಲ, ದೂಡಿ ಎಬ್ಬಿಸಬೇಕು. ಹೆಂಗಸರು ಇಳಿಯದೆ ದೂಡುವ ಹಾಗಿಲ್ಲ. ನಮ್ಮ ಮನೆಯವರ ಕಣ್ಣು ಚಾವಿಯ ಮೇಲೆ ಹೋಯಿತು, ಅದು ಇನ್ನೂ ಹಚ್ಚಿಯೇ ಇತ್ತು.

"ಚಾಚಾ, ಚಾವಿ ಹಿಂದಕ್ಕ ತಿರುವ್ರಿ."

ಚಾಚಾ ಮುಂದೆ ನೋಡುತ್ತ ಕೂತಿದ್ದರು.

"ಚಾಚಾ, ಸುಡತೈತಿ. ನಿಮಗ ಹೇಳೀನಿ. ಒಂದು ಗಳಿಗಿ ತಿರುವ್ರಿ, ಮತ್ತ ಹಚ್ಚೂಣು."

"ಆಕಿ ಇನ್ನ ಇಳದಿಲ್ಲ" ಎಂದರು ಚಾಚಾ.

"ಅದು ಸುಟ್ರ ಮುದಗಲ್ ಮುಟ್ಟಂಗಿಲ್ರಿ."

"ಚಾವಿ ತಗದ್ರ ಆಕಿ ಇಲ್ಲೇ ಇಳಿತಾಳ."

ನಮ್ಮ ಮನೆಯವರು ಚಾವಿಗೆ ಕೈ ಹಾಕಿದರು. ಚಾಚಾ ಆ ಕೈಯನ್ನು ಹಿಡಿದುಕೊಂಡರು. ಸಿಟ್ಟಿನಿಂದಲ್ಲ, ಮಗುವಿನ ಕೈ ಹಿಡಿದಂತೆ. ಹಿಡಿದೇ ಕೂತರು. ಅಳು ಇಳಿಯುವ ಹೊತ್ತಿಗೆ ಬಾನೆಟ್ಟಿನ ಸಂದಿನಿಂದ ಸುಟ್ಟ ವಾಸನೆ ಬಂತು. ಆಮೇಲೆ ಎಷ್ಟು ದೂಡಿದರೂ ಗಾಡಿ ಏಳಲಿಲ್ಲ.

ಚಾಚಾ ಇಳಿದರು. ಹಳೆಯ ಪಾಯಿಂಟು ಸೀಟಿನ ಕೆಳಗೆ ತಂಬಾಕಿನ ಡಬ್ಬಿಯಲ್ಲಿತ್ತು. ಸುಟ್ಟ ಸೆಟ್ಟು ಬಿಚ್ಚಿ ಅದನ್ನು ಕೂರಿಸಲು ನೋಡಿದರು. ಮಳೆಯಲ್ಲಿ, ಕರೆಂಟು ಹೊಡೆಸಿಕೊಂಡು ಮಾಡಿದ್ದ ಕೆಲಸ ಅದು. ಆವತ್ತು ಆಗಲಿಲ್ಲ. ಪಾಯಿಂಟು ಹಿಡಿಯುವ ಸ್ಕ್ರೂ ಇರುತ್ತದಲ್ಲ, ಎಳ್ಳಿಗಿಂತ ಸ್ವಲ್ಪ ದೊಡ್ಡದು, ಅದು ಜಾರಿ ರಸ್ತೆಯ ಮಗ್ಗುಲಿನ ಮಣ್ಣಿಗೆ ಬಿತ್ತು. ಗಂಡಸರೆಲ್ಲ ಕುಕ್ಕರುಗಾಲಲ್ಲಿ ಕೂತು ಹುಡುಕಿದರು. ಚಾಚಾ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಬೆರಳ ಸಂದಿನಿಂದ ಸೋಸಿದರು. ಮತ್ತೆ ಎತ್ತಿದರು. ಹೊತ್ತು ಇಳಿಯುತ್ತಿತ್ತು. "ನಮ್ಮ ಗಾಡ್ಯಾಗ ಒಯ್ಯೂಣು" ಎಂದು ಊರಿನವರೊಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು.

"ಬ್ಯಾರೆ ಗಾಡ್ಯಾಗ ಹಾಕಬ್ಯಾಡ ಅಂದಾಳ" ಎಂದರು ಚಾಚಾ, ಮಣ್ಣಿನಿಂದ ಮುಖ ಎತ್ತದೆ.

ಆಗ ಮುದುಕಿ ಅಕ್ಕ ಹೇಳಿದಳು. "ಬಿಡಪಾ. ನಿಂತಲ್ಲೇ ಮಣ್ಣು ಅಂತ ಆಕಿ ಹಣ್ಯಾಗ ಬರದಿತ್ತು. ನನ್ನ ಊರಾಗ ಇರಲಿ ಬಿಡು. ಎಷ್ಟೊತ್ತಂತ ಬಿಸಲಾಗ ಇಡ್ತಿ?"

ಚಾಚಾ ಬೊಗಸೆಯ ಮಣ್ಣನ್ನು ಕೆಳಗೆ ಬಿಟ್ಟರಂತೆ. ಆಮೇಲೆ, "ಇಳಸ್ರಿ" ಎಂದರು. ಇಳಿಸಿದರು. ಚಾಚಾ ಎದ್ದು ಹೋಗಿ ಚಾವಿಯನ್ನು ಹಿಂದಕ್ಕೆ ತಿರುವಿದರು.

ಅಲ್ಲೇ ಮಣ್ಣು ಮುಗಿದ ಮೇಲೆ ಪಿಕಪ್ಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಮನೆಯ ಗೋಡೆಗೆ ನಿಲ್ಲಿಸಿದರು. ಅದು ಮತ್ತೆ ಏಳಲಿಲ್ಲ. ನಮ್ಮ ಮನೆಯವರು ಹೊಸ ಸೆಟ್ಟು ಹಾಕಿಕೊಡುತ್ತೇನೆಂದು ಎರಡು ಮೂರು ಸಲ ಹೋದರು. "ಅದರದೇನು ತಪ್ಪಿಲ್ಲ, ನಿಂದೂ ತಪ್ಪಿಲ್ಲ. ನೀ ಹೇಳಿದ್ದಿ, ನಾ ಕೇಳಿದ್ದೆ" ಎಂದು ಕಳಿಸಿದರು. ಶುಕ್ರವಾರ ಸಂತೆಕಲ್ಲೂರಿಗೆ ಬಸ್ಸಿನಲ್ಲಿ ಹೋಗಿ ಗೋರಿಯ ಹತ್ತಿರ ಕೂತು ಬರುತ್ತಿದ್ದರು. ಉಳಿದ ದಿನ ನಮ್ಮ ಕಟ್ಟೆಯ ಮೇಲೆ. ಮೈ ಇಳಿಯುತ್ತ ಬಂತು. ಚಹಾ ಕೊಟ್ಟರೆ ಆರುವ ತನಕ ಹಿಡಿದುಕೊಂಡು ಕೂಡುತ್ತಿದ್ದರು.

ಒಂದು ದಿನ ನನ್ನೆದುರಿಗೇ ನಮ್ಮ ಮನೆಯವರಿಗೆ ಹೇಳಿದರು. "ನಾ ಹೋದ್ರ ನನ್ನ ಸಂತೆಕಲ್ಲೂರಾಗ ಇಡಬ್ಯಾಡ್ರಿ. ಮುದಗಲ್ಲಿಗೆ ಒಯ್ರಿ."

ನನಗೆ ಅರ್ಥವಾಗಲಿಲ್ಲ. "ಚಾಚಿ ಸಂತೆಕಲ್ಲೂರಾಗ ಅದಾಳಲ್ರೀ" ಎಂದೆ.

"ಆಕಿ ಕೇಳಿದ ಜಾಗ ಅಲ್ಲಿ ಖಾಲಿ ಐತಿ ತಂಗಿ. ಅವರಪ್ಪ ದಾರಿ ನೋಡಾಕತ್ತಿರ್ತಾನ. ಯಾರರ ಹೋಗಿ ಹೇಳಬೇಕಲ್ಲ, ನಿನ ಮಗಳನ್ನ ದಾರ್ಯಾಗ ಬಿಟ್ಟು ಬಂದೀನಿ ಅಂತ."

ನಿನ್ನೆ ಸಂಜೆ ಹೋದರು. ಇವತ್ತು ಅವರನ್ನು ಒಯ್ಯಲು ಫೋನು ಮಾಡಿ ಕರೆಸಿದ ಬಿಳಿ ಗಾಡಿ ಬಂತು. ಅವರ ಮಂದಿ, ಚಾಚಿಯ ಅಕ್ಕನ ಬಳಗದವರು ಎಲ್ಲರೂ, ಹೆಂಡತಿಯ ಮಗ್ಗುಲಲ್ಲೇ ಇಡೋಣ, ದಾರಿಯೂ ಹತ್ತಿರ ಎಂದರಂತೆ. ನಮ್ಮ ಮನೆಯವರು ಚಾಚಾರ ಮಾತನ್ನು ಹೇಳಿದರು. ವಾದವಾಯಿತು. ಹಿಂದೂ ಮನುಷ್ಯ, ಹೊರಗಿನವನು ಇದರಲ್ಲಿ ಬಾಯಿ ಹಾಕುವುದೇನು ಎಂದೂ ಒಬ್ಬರು ಅಂದರು. ಕೊನೆಗೆ ಮಸೀದಿಯ ಹಿರಿಯರೊಬ್ಬರು, "ಸತ್ತಾತನ ಮಾತು, ಹೊರಡ್ರಿ" ಎಂದ ಮೇಲೆ ಹೊರಟರು.

ನಮ್ಮ ಮನೆಯವರು ತಿರುಗಿ ಬಂದಾಗ ದೀಪ ಹಚ್ಚಿದ್ದೆ. ಹಿತ್ತಲಲ್ಲಿ ಸ್ನಾನ ಮಾಡಿ ಬಂದು ಕೂತರು. ತಾವೇ ಹೇಳಿದರು.

"ಸಂತೆಕಲ್ಲೂರಾಗ ಡ್ರೈವರ್ ಹಗೂರಕ ಮಾಡಿದ. ಇಲ್ಲಿ ಅವರ ಮನಿಯವರು ಅದಾರಂತಲ್ರಿ, ಐದು ನಿಮಿಷ ನಿಲ್ಲಸಲೇನು ಅಂದ."

"ನೀವೇನಂದ್ರಿ?"

"ಎಲ್ಲಾರೂ ನನ್ನ ಮಾರಿ ನೋಡಿದ್ರು. ಬ್ಯಾಡಪಾ, ನಡಿ ಅಂದೆ." ಒದ್ದೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದರು. "ಆ ಊರ ಖಬರಸ್ತಾನದ ಗ್ವಾಡಿ ಸಣ್ಣದೈತಿ. ಗಾಡ್ಯಾಗ ಕುಂತವರಿಗೆ ಒಳಗಿನ ಗೋರಿ ಎಲ್ಲಾ ಕಾಣತಾವ. ಮುದಗಲ್ ಮುಟ್ಟೋ ತನಕ ಎಲ್ಲೂ ನಿಲ್ಲಲಿಲ್ಲ."

"ಜಾಗ ಇತ್ತೇನ್ರಿ ಅಲ್ಲಿ?"

"ಇತ್ತು. ಒಬ್ಬರಿಗೆ ಆಗೋವಷ್ಟ."

ಬಿಸಿ ರೊಟ್ಟಿ ಬಡಿದೆ. ಪುಂಡಿಪಲ್ಯ, ಬೆಳ್ಳುಳ್ಳಿ ಖಾರ, ಮಜ್ಜಿಗೆ. ಅವರು ಒಂದು ರೊಟ್ಟಿಯಲ್ಲಿ ಅರ್ಧ ಮುರಿದು, ಅದನ್ನೂ ಮಜ್ಜಿಗೆಯಲ್ಲಿ ನೆನೆಸಿ ಉಂಡರು. ಉಳಿದರ್ಧ ನಾನು ಉಂಡೆ. ಪಲ್ಯ ಹಾಗೇ ಉಳಿಯಿತು, ಮುಚ್ಚಿಟ್ಟೆ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ, ಉಸಿರಿನಲ್ಲಿ ಗೊತ್ತಾಗುತ್ತದೆ. ಮೊದಲು ನಿದ್ದೆ ಹೋದವಳು ನಾನೇ.